ಕಬ್ಬಿಣದ ಚೌಕಟ್ಟು

ದ್ವೀಪದ ಬುಡದಲ್ಲಿ ಹವಳ ಎಷ್ಟು ಉಳಿದಿದೆ ಎಂದು ತಿಳಿಯಲು ಸಂಶೋಧಕಿ ನೀರಿನಡಿ ಒಂದು ಕಬ್ಬಿಣದ ಚೌಕಟ್ಟು ಇರಿಸಿದ್ದರು. ತಿಂಗಳಿಗೊಮ್ಮೆ ಮುಳುಗಿ, ಅದರೊಳಗೆ ಜೀವವಿರುವ ಹವಳ ಎಣಿಸಿ ಹೇಳುವುದು ಊರಿನ ಮೀನುಗಾರ ದುರ್ಗಯ್ಯ ಖಾರ್ವಿಯ ಕೆಲಸ. ಮೂರು ವರ್ಷವೂ ಲೆಕ್ಕ ಇಳಿಯಲಿಲ್ಲ. ಅದನ್ನೇ ನೆಚ್ಚಿಕೊಂಡು, ಅಲ್ಲಿ ದೋಣಿಗಳನ್ನು ತಡೆಯಬೇಕಿಲ್ಲವೆಂದು ಆಕೆ ವರದಿ ಬರೆದುಕೊಟ್ಟರು.

ಈ ಸಲ ದುರ್ಗಯ್ಯ ಮೇಲೆದ್ದು ದೋಣಿಯ ಅಂಚು ಹಿಡಿದುಕೊಂಡ. ಕೆಳಗೆ ಕಂಡದ್ದು ಇನ್ನೂ ಕಣ್ಣಲ್ಲೇ ಇತ್ತು.

"ಎಷ್ಟಿವೆ?" ದೋಣಿಯಲ್ಲಿದ್ದ ಸಂಶೋಧಕಿ ಕೇಳಿದರು.

"ಒಂದೂ ಇಲ್ಲೆ ಮೇಡಂ."

"ಒಂದೇ ತಿಂಗಳಲ್ಲಿ ಎಲ್ಲ ಸತ್ತವಾ?"

"ಒಂದೇ ತಿಂಗ್ಳಗಲ್ಲ. ಮೀನಿಲ್ದಲ್ಲಿ ಯಾರಾರೂ ಬಲೆ ಬಿಡ್ತ್ರಾ? ಹವಳ ಸತ್ತಾಗೆಲ್ಲ ಚೌಕಟ್ಟನ್ನ ಜೀವ ಇದ್ದಲ್ಲಿಗೆ ಸರ್ಸ್ತಿದ್ದೆ. ಇನ್ನು ಸರ್ಸುಕೆ ಜಾಗ ಇಲ್ಲೆ."