ಮುಡಿಪಿನ ಗಂಟು

ಆತ್ಮೀಯರೇ, ಇದನ್ನು ಅವಸರದಲ್ಲಿ ಓದಬೇಡಿ...

ತಿಪಟೂರಿನ ಒಂದು ಮನೆ. ಸೊಸೆ ಭಾರ್ಗವಿಗೆ ಟೈಫಾಯಿಡ್. ಕರುಳಿಗೆ ಇಳಿದ ಸೋಂಕು ಹಳೆಯ ಮಾತ್ರೆಗಳಿಗೆ ಬಗ್ಗಲೇ ಇಲ್ಲ.

ಡಾಕ್ಟರು ಹೊಸದಾಗಿ ಬಂದ ಆಂಟಿಬಯೋಟಿಕ್ ಕೊಟ್ಟರು. "ಇದೊಂದೇ ಉಳಿದಿರೋದು ಕಣಮ್ಮ. ಜ್ವರ ಬಿಟ್ಟರೂ ಕೋರ್ಸ್ ಮುಗಿಸ್ಬೇಕು. ಅರ್ಧಕ್ಕೆ ನಿಲ್ಲಿಸಿ ತಿರುಗಿ ಬಂದ್ರೆ, ನನ್ನ ಹತ್ರ ಕೊಡೋಕೆ ಏನೂ ಇರಲ್ಲ."

ಜ್ವರ ಬಿಟ್ಟಿತು...

ಅತ್ತೆ ರಂಗನಾಯಕಮ್ಮ ಉಳಿದ ಮಾತ್ರೆಗಳನ್ನು ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ಕಾಯಿಲೆ ಮತ್ತೆ ಬಾರದಿರಲೆಂದು ತಿಮ್ಮಪ್ಪನಿಗೆ ಮುಡಿಪು ಮಾಡಿ ದೇವರ ಪೆಟ್ಟಿಗೆಯಲ್ಲಿಟ್ಟರು.

"ಡಾಕ್ಟರು ಮುಗಿಸು ಅಂದಿದ್ರಲ್ಲ ಅತ್ತೆ..."

"ಅವ್ರಿಗೇನೇ, ಬರೀತಾ ಇರ್ತಾರೆ. ಅನ್ನ ಬಿಟ್ಟು ಮಾತ್ರೇಲೇ ಹೊಟ್ಟೆ ತುಂಬಿಸ್ಕೊಳ್ತೀಯಾ?"

ಮರುದಿನ ಊಟದ ಹೊತ್ತಿಗೆ ಭಾರ್ಗವಿಯ ನೀರಿನ ಲೋಟದ ಪಕ್ಕ ಒಂದು ಮಾತ್ರೆ ಇತ್ತು. ಅತ್ತೆಯ ಮನಸ್ಸು ಕರಗಿತೆಂದುಕೊಂಡು ನುಂಗಿದಳು. ಅದರ ಮರುದಿನವೂ ಇತ್ತು...

ಒಂದು ಮಧ್ಯಾಹ್ನ ರಂಗನಾಯಕಮ್ಮ ಪೆಟ್ಟಿಗೆ ತೆರೆದರು. ಗಂಟು ಸಣ್ಣದಾಗಿತ್ತು.

"ಮುಡಿಪಿಗೆ ಕೈ ಹಾಕ್ತೀಯೇನೇ?"

"ನಾನ್ಯಾಕೆ ಮುಟ್ಲಿ? ದಿನಾ ಲೋಟದ ಪಕ್ಕ ಇಡ್ತಿರೋದು ನೀವೇ ಅಲ್ವಾ ಅತ್ತೆ?"

ರಂಗನಾಯಕಮ್ಮ ಒಂದನ್ನೂ ಇಟ್ಟಿರಲಿಲ್ಲ. ಹಗಲಿನಲ್ಲಿ ಆ ಮನೆಯಲ್ಲಿ ಇರುವುದು ಅವರಿಬ್ಬರೇ...

ರಂಗನಾಯಕಮ್ಮ ಗಂಟನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಾವು ಹಾಕಿದ ಗಂಟಲ್ಲ ಅದು. ತಿರುವು ಎಡಕ್ಕಿತ್ತು. ಎಡಗೈಯವರು ಹಾಕುವ ಗಂಟು.

ಆ ಮನೆಯಲ್ಲಿ ಎಡಗೈಯಲ್ಲಿ ಹೂ ಕಟ್ಟುತ್ತಿದ್ದವಳು ಒಬ್ಬಳೇ. ತೀರಿಹೋದ ಮಗಳು ಕುಮುದಾ.

ಅವರ ಕೈ ಪೆಟ್ಟಿಗೆಯ ತಳಕ್ಕೆ ಹೋಯಿತು. ಅಲ್ಲಿ ಇನ್ನೊಂದು ಮುಡಿಪಿತ್ತು... ಬಣ್ಣ ಮಾಸಿದ ಬಟ್ಟೆ. ಬಟ್ಟೆಯ ಮೇಲಿಂದಲೇ ಮಾತ್ರೆಗಳು ಕೈಗೆ ತಾಗುತ್ತಿದ್ದವು.

"ಇದೇ ಜ್ವರ ಕಣೇ ಅವಳಿಗೂ... ಬಿಡ್ತು ಅಂತ ಕಟ್ಟಿಟ್ಟೆ. ತಿರುಗಿ ಬಂದಾಗ ಯಾವ ಮಾತ್ರೆನೂ ನಾಟ್ಲಿಲ್ಲ. ತಿಮ್ಮಪ್ಪ ಕರ್ಕೊಂಡ ಅಂದ್ಕೊಂಡಿದ್ನಲ್ಲೇ..."

ಸೊಸೆಯನ್ನು ತಬ್ಬಿಕೊಂಡು ಅತ್ತರು. ಅಳುತ್ತಲೇ ಸೊಸೆಯ ಮುಡಿಪನ್ನು ತಾವೇ ಬಿಚ್ಚಿದರು.

ಅಂದಿನಿಂದ ಮಾತ್ರೆ ಕೊಟ್ಟವರು ರಂಗನಾಯಕಮ್ಮನೇ. ಲೋಟದ ಪಕ್ಕ ಮತ್ತೆ ತಾನಾಗಿ ಏನೂ ಬರಲಿಲ್ಲ.

ಭಾರ್ಗವಿ ಕೊನೆಯ ಮಾತ್ರೆ ನುಂಗಿದ ದಿನ, ದೀಪ ಹಚ್ಚಲು ಹೋದ ರಂಗನಾಯಕಮ್ಮ ಪೆಟ್ಟಿಗೆ ತೆರೆದು ಹಾಗೇ ನಿಂತರು...

ಕುಮುದಾಳ ಹಳೆಯ ಮುಡಿಪು ಬಿಚ್ಚಿಕೊಂಡಿತ್ತು. ಬಟ್ಟೆಯನ್ನು ಯಾರೋ ಅಚ್ಚುಕಟ್ಟಾಗಿ ಮಡಿಚಿಟ್ಟಿದ್ದರು.

ಒಳಗೆ ಒಂದು ಮಾತ್ರೆಯೂ ಉಳಿದಿರಲಿಲ್ಲ.

*ಭಗವಂತ ಮದ್ದಿನ ರೂಪದಲ್ಲಿ ಕೊಟ್ಟ ಪ್ರಸಾದವನ್ನು ಪೂರ್ತಿ ಸ್ವೀಕರಿಸುವುದೂ ಭಕ್ತಿಯೇ.*

ನಿಮ್ಮ ಮನೆಯಲ್ಲಿ ಅರ್ಧಕ್ಕೆ ನಿಲ್ಲಿಸಿ ಎತ್ತಿಟ್ಟ ಮಾತ್ರೆಗಳು ಯಾರವು... ಎಂದಾದರೂ ತೆರೆದು ನೋಡಿದ್ದೀರಾ?