ಅಲುಗಿದ ಚೆಂಡು

ವರ್ಷವರ್ಷವೂ ಕಪ್ ಹೊತ್ತು ತರುವ ಕಾಲೇಜು ಗಾಲ್ಫ್ ತಂಡವದು. ಸೊನ್ನೆಯಿಂದ ಅದನ್ನು ಕಟ್ಟಿ ಬೆಳೆಸಿದವರು ಕೋಚ್. ಈಗ ತಂಡದಲ್ಲಿ ಉಳಿದಿದ್ದು ಒಂದೇ ಜಾಗ. ಸಿಕ್ಕರೆ ಫೀಸು, ಹಾಸ್ಟೆಲ್ ಎಲ್ಲ ಪುಕ್ಕಟೆ. ಸಿಗದಿದ್ದರೆ ಲೋಹಿತನ ಓದು ಅಲ್ಲಿಗೇ ಮುಗಿಯಿತು.

ಆ ಜಾಗಕ್ಕಾಗಿ ಅವನೂ ಚಿಣ್ಣಪ್ಪನೂ ಸರಿಸಮವಾಗಿ ಆಡುತ್ತ ಕೊನೆಯ ಕುಳಿಯ ಹತ್ತಿರ ಬಂದರು. ಇಬ್ಬರ ಚೆಂಡೂ ಎತ್ತರದ ಹುಲ್ಲಿಗೆ ಬಿತ್ತು. ಹೊಡೆಯುವ ಮೊದಲೇ ಲೋಹಿತನ ಕೋಲು ತಾಗಿ ಚೆಂಡು ಎಳ್ಳಷ್ಟು ಅಲುಗಿತು. ಯಾರೂ ನೋಡಲಿಲ್ಲ. ಆದರೆ ಈ ಆಟದಲ್ಲಿ ತನ್ನ ತಪ್ಪನ್ನು ತಾನೇ ಹೇಳಿ, ಒಂದು ಹೊಡೆತ ದಂಡ ತೆರಬೇಕು. ಕೋಚ್ ಕಲಿಸಿದ ಮೊದಲ ಪಾಠವೇ ಅದು.

"ಸರ್, ನನ್ ಚೆಂಡು ಅಲುಗ್ತು," ಎಂದು ಕೈಯೆತ್ತಿದ.

ಆ ಒಂದೇ ಹೊಡೆತದಿಂದ ಸೋತ.

"ಅಪರಂಜಿ ಕಣೋ ನೀನು!" ಕೋಚ್ ಬೆನ್ನು ತಟ್ಟಿ, ಎಲ್ಲರಿಂದ ಚಪ್ಪಾಳೆ ಹೊಡೆಸಿದರು.

ಹುಡುಗರು ಚದುರಿದ ಮೇಲೆ ಲೋಹಿತ ಮೆಲ್ಲಗೆ ಕೇಳಿದ: "ಮುಂದಿನ ಸಲ ನನ್ನ ತಗೋತೀರಾ ಸರ್?"

"ಇಲ್ಲಪ್ಪ. ಗಂಟು ಕಟ್ಟು."

"ಆಟ ಸರಿ ಇರ್ಲಿಲ್ವಾ ಸರ್?"

"ಚೆನ್ನಾಗೇ ಇತ್ತು. ಚಿಣ್ಣಪ್ಪನ ಚೆಂಡೂ ಅಲುಗ್ತು ಕಣೋ, ನಾನೇ ಕಣ್ಣಾರೆ ನೋಡ್ದೆ. ಅವನು ತುಟಿ ಬಿಚ್ಚಲಿಲ್ಲ. ನಂಗೆ ಅಂಥೋರೇ ಬೇಕು."