ಅದಲುಬದಲಾದ ಲಕೋಟೆಗಳು

ಮತದಾನದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಕೌಂಟಿಯ ಚುನಾವಣಾ ಕಚೇರಿಯಿಂದ ಗುಮಾಸ್ತೆ ಕೊಲೀನ್ ಫೋನ್ ಮಾಡಿದಳು. ಆರ್ವಿಡ್ ಮತ್ತು ಅವನ ಹೆಂಡತಿ ಮರ್ಲಿಸ್ ಅಂಚೆಯಲ್ಲಿ ಕಳಿಸಿದ್ದ ಎರಡು ಮತಗಳೂ ಅವಳ ಮೇಜಿನ ಮೇಲೆ ಹಾಗೇ ಬಿದ್ದಿದ್ದವು. ಗಂಡನ ಹೆಸರಿನ ಲಕೋಟೆಯ ಮೇಲೆ ಹೆಂಡತಿ ಸಹಿ ಹಾಕಿದ್ದಳು, ಹೆಂಡತಿಯದರ ಮೇಲೆ ಗಂಡ.

"ಅಡಿಗೆಮನೆ ಮೇಜಿನ ಹತ್ರ ಒಟ್ಟಿಗೆ ಕೂತು ತುಂಬಿಸಿದ್ರಿ ತಾನೆ?" ಎಂದಳು ಕೊಲೀನ್. "ಈ ಸಲ ನಿಮ್ಮದು ಹನ್ನೊಂದನೇ ಜೋಡಿ. ಎಲ್ಲ ಎಪ್ಪತ್ತು ದಾಟಿದವರೇ. ಬಂದು ಎರಡು ಫಾರಂ ತಗೊಂಡು ಹೋಗಿ. 'ನನ್ನ ಸಹಿ ಇರೋ ಮತ ನನ್ನದೇ' ಅಂತ ಯಾರು ಬರೆದು ಕೊಡ್ತಾರೋ ಅವರದ್ದು ಎಣಿಕೆಗೆ ಸೇರತ್ತೆ. ರಾತ್ರಿ ಎಂಟು ಗಂಟೆಯೊಳಗೆ ನನ್ನ ಕೈಗೆ ಬರ್ಬೇಕು, ಅಷ್ಟೇ."

ಮೊಂಟಾನಾದ ಆ ಬಯಲಿನಲ್ಲಿ ಕಚೇರಿಗೆ ಇಪ್ಪತ್ತೆರಡು ಮೈಲಿ. ಆರ್ವಿಡ್ ಹೋಗಿ ಫಾರಂ ತರುವಷ್ಟರಲ್ಲಿ ಮಧ್ಯಾಹ್ನ ಕಳೆದಿತ್ತು, ಹಿಮ ಬೀಳತೊಡಗಿತ್ತು. ಮರ್ಲಿಸ್ ಕಿಟಕಿಯ ಪಕ್ಕ ಮೂಗಿಗೆ ಆಮ್ಲಜನಕದ ನಳಿಕೆ ಹಾಕಿಕೊಂಡು ಕೂತಿದ್ದಳು.

"ಮತ್ತೆ ಹೋಗ್ಬೇಡ ಮುದುಕಾ" ಎಂದಳು. "ನಲವತ್ತೊಂಬತ್ತು ವರ್ಷದಿಂದ ನಾನು ಹೌದು ಅಂದದ್ದಕ್ಕೆಲ್ಲ ನೀನು ಬೇಡ ಅಂತೀಯ. ನನ್ನದಕ್ಕೆ ನಿನ್ನದು ವಜಾ. ಎರಡೂ ಕಸದ ಬುಟ್ಟಿಗೆ ಹೋದ್ರೆ ಯಾರಿಗೇನು ನಷ್ಟ?"

ಈ ಸಲ ಮತಪತ್ರದಲ್ಲಿ ಒಂದು ಪ್ರಶ್ನೆಯಿತ್ತು. ಸಿಗರೇಟು ಪ್ಯಾಕಿಗೆ ಇನ್ನೆರಡು ಡಾಲರ್ ತೆರಿಗೆ ಹಾಕಿ, ಆ ಹಣದಿಂದ ಹಳ್ಳಿಗಾಡಿನ ಆಸ್ಪತ್ರೆಗಳನ್ನು ನಡೆಸಬೇಕೇ, ಬೇಡವೇ? ಆರ್ವಿಡ್ ಹದಿನಾರನೇ ವಯಸ್ಸಿನಿಂದ ಸೇದುವವನು. ನಳಿಕೆ ಬಂದ ಮೇಲೆ ದನದ ಕೊಟ್ಟಿಗೆಗೆ ಹೋಗಿ ಸೇದುತ್ತಾನೆ.

"ಕೂಲಿಯವನ ಜೇಬಿಗೇ ಕೈ ಹಾಕೋದು ಇವರ ಅಭ್ಯಾಸ" ಎಂದ ಅವನು. "ಅವರು ಕುಡಿಯೋ ವಿಸ್ಕಿಗೆ ಹಾಕ್ಲಿ ನೋಡೋಣ. ಆಸ್ಪತ್ರೆಗೆ ಅಂತ ಎತ್ತಿದ ದುಡ್ಡು ಆಸ್ಪತ್ರೆಗೇ ಹೋಗತ್ತೆ ಅಂತ ಯಾರು ಹೇಳಿದ್ದು?"

"ಡೊರೀನ್ ಹೇಳಿದ್ಳು. ದುಡ್ಡು ಬರದೆ ಇದ್ರೆ ಮಾರ್ಚ್‌ಗೆ ಬಾಗಿಲು ಹಾಕ್ತಾರಂತೆ."

ಡೊರೀನ್ ಊರ ಆಸ್ಪತ್ರೆಯ ನರ್ಸ್. ವಾರಕ್ಕೆ ಮೂರು ದಿನ ಮನೆಗೇ ಬಂದು ಹೋಗುತ್ತಾಳೆ. ಎಂಥ ಚಳಿಯಿದ್ದರೂ ಒಂದು ದಿನವೂ ತಪ್ಪಿಸಿದವಳಲ್ಲ.

"ಅವಳು ಬರದೆ ಇದ್ದಿದ್ರೆ ನನ್ನ ಗತಿ?" ಮರ್ಲಿಸ್ ಉಸಿರು ಎಳೆದುಕೊಂಡು ನಕ್ಕಳು. "ಮೊದಲನೇ ಸಲ ನೀನು ಸ್ನಾನ ಮಾಡಿಸಿದ್ದು ನೆನಪಿದೆಯಾ? ಕರು ತೊಳೆದ ಹಾಗೆ ತೊಳೆದಿದ್ದೆ. ಪಾಪ, ಅವಳು ಕೂತು ಕಲಿಸಿದ್ಳು."

ಆರ್ವಿಡ್‌ಗೂ ನಗು ಬಂತು. ನಳಿಕೆಯ ಮೇಲೆ ಕಣ್ಣು ಬಿದ್ದಾಗ ನಿಂತಿತು. ಮರ್ಲಿಸ್ ಜೀವಮಾನದಲ್ಲಿ ಒಂದು ಸಿಗರೇಟೂ ಮುಟ್ಟಿದವಳಲ್ಲ. ನಲವತ್ತೊಂಬತ್ತು ಚಳಿಗಾಲ, ಗಾಜು ಏರಿಸಿದ ಟ್ರಕ್ಕಿನಲ್ಲಿ ಅವನ ಪಕ್ಕ ಕೂತಿದ್ದಳು, ಅಷ್ಟೇ. ಮನೆಯಲ್ಲಿ ಯಾರಾದರೂ ಸೇದುತ್ತಾರಾ ಎಂದು ಡಾಕ್ಟರು ಕೇಳಿದ ದಿನ ಅವನು ಬಾಯಿ ತೆರೆಯುವ ಮೊದಲೇ ಅವಳು, "ಗೋಧಿ ಧೂಳು ಡಾಕ್ಟ್ರೇ, ಮೂವತ್ತು ವರ್ಷ ಉಗ್ರಾಣದಲ್ಲಿ ಕೆಲಸ ಮಾಡ್ದೆ" ಎಂದುಬಿಟ್ಟಿದ್ದಳು. ಮನೆಗೆ ಬರುವ ದಾರಿಯಲ್ಲಿ ಅವಳಿಗೆ ಏನಾದರೂ ಹೇಳಬೇಕೆಂದು ಅವನು ಎರಡು ಸಲ ಗಂಟಲು ಸರಿಮಾಡಿಕೊಂಡ. ಮಾತು ಹೊರಡಲಿಲ್ಲ. ಎರಡು ವರ್ಷವಾಯಿತು, ಇನ್ನೂ ಹೊರಟಿಲ್ಲ.

"ಸಹಿ ಮಾಡು" ಎಂದು ಪೆನ್ನು ಕೊಟ್ಟ.

"ನಿನ್ನದು?"

"ಅಲ್ಲೇ ಮಾಡ್ತೀನಿ, ಕೊಲೀನ್ ಎದುರಿಗೆ. ಇಲ್ಲಿ ಮಾಡಿದ್ರೆ ಮತ್ತೆ ನಿನ್ನದರ ಮೇಲೆ ನಾನು, ನನ್ನದರ ಮೇಲೆ ನೀನು."

ಅವಳು ಮಧ್ಯೆ ಒಮ್ಮೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಹೆಸರು ಮುಗಿಸಿದಳು. "ಬೇಡ ಅನ್ನೋಕೆ ನಲವತ್ನಾಲ್ಕು ಮೈಲಿ ಹೋಗಿಬರೋ ಹಟಮಾರಿನ ನಾನೆಲ್ಲೂ ಕಂಡಿಲ್ಲ. ಹೋಗು, ಟೋಪಿ ಹಾಕ್ಕೋ."

ಐದೂಕಾಲಿಗೆ ಅವನು ಕೌಂಟಿ ಕಚೇರಿ ತಲುಪಿದ. ಕೊಲೀನ್ ಮರ್ಲಿಸಳ ಸಹಿಯನ್ನು ಹಳೆಯ ಸಹಿಯ ಪಕ್ಕ ಹಿಡಿದು ನೋಡಿ, ಮೊಹರು ಒತ್ತಿ, ಲಕೋಟೆಯನ್ನು ಎಣಿಕೆಯ ಪೆಟ್ಟಿಗೆಗೆ ಹಾಕಿದಳು.

"ಸರಿ, ನಿಮ್ಮದು ಕೊಡಿ."

ಆರ್ವಿಡ್ ಕೋಟಿನ ಒಳಜೇಬನ್ನು ಮುಟ್ಟಿ ನೋಡಿಕೊಂಡ. ಫಾರಂ ಅಲ್ಲೇ ಇತ್ತು. ತೆಗೆಯಲಿಲ್ಲ.

"ನನ್ನದು ಬಿಡು."

"ಬಿಡೋದಾ? ಕಾಲು ಮುರಿದಾಗಲೂ ಬಂದು ಮತ ಹಾಕಿದವರು ನೀವು. ಮನಸ್ಸು ಬದಲಾಯ್ತಾ? ಅದಕ್ಕೆ ಈಗ ದಾರಿ ಇಲ್ಲ, ಒಳಗೆ ಬರೆದದ್ದು ಬರೆದದ್ದೇ."

"ಮನಸ್ಸೇನೂ ಬದಲಾಗಿಲ್ಲ. ಆ ತೆರಿಗೆ ತಪ್ಪೇ. ನಾಳೆ ಕೇಳಿದ್ರೂ ಅದನ್ನೇ ಹೇಳ್ತೀನಿ."

ಕೊಲೀನ್ ಅವನ ಮುಖವನ್ನೂ ಉಳಿದ ಲಕೋಟೆಯನ್ನೂ ನೋಡಿದಳು. "ಎಂಟರವರೆಗೂ ನಾನು ಇಲ್ಲೇ ಇರ್ತೀನಿ" ಎಂದಳು ಮೆಲ್ಲಗೆ.

"ಇರಮ್ಮ. ನನಗೆ ಹಿಮ ಜಾಸ್ತಿ ಆಗೋದ್ರೊಳಗೆ ಮನೆ ಸೇರ್ಬೇಕು. ಅವಳೊಬ್ಬಳೇ ಇದ್ದಾಳೆ."

ಕೊಲೀನ್ ಅಭ್ಯಾಸದಂತೆ ಸುರುಳಿಯಿಂದ 'ನಾನು ಮತ ಹಾಕಿದೆ' ಎಂಬ ಎರಡು ಸ್ಟಿಕ್ಕರ್ ಹರಿದು ಕೊಟ್ಟಳು. ಆರ್ವಿಡ್ ಒಂದನ್ನು ವಾಪಸು ಮೇಜಿನ ಮೇಲಿಟ್ಟ. ಇನ್ನೊಂದು ಒದ್ದೆಯಾಗಬಾರದೆಂದು ಸಿಗರೇಟು ಪ್ಯಾಕಿನೊಳಗೆ ಜೋಪಾನವಾಗಿ ಸೇರಿಸಿಕೊಂಡು, ಟೋಪಿ ಎಳೆದುಕೊಂಡು ಹಿಮಕ್ಕೆ ಇಳಿದ.